ಭಾವಮೈದನ ಎರಡು ಬಿಳಿ ಗೆರೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಭಾವಮೈದನಿಗೆ,

ಮೊದಲು ತಪ್ಪೊಪ್ಪಿಗೆ. ಇದೇ ತಿಂಗಳ ಆರನೆಯ ತಾರೀಕು ಶನಿವಾರ, ಬೆಳಿಗ್ಗೆ ಹತ್ತೂವರೆಗೆ, ನಮ್ಮ ಮನೆಯ ಷೆಡ್ಡಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ಸ್ವಸ್ಥ ಬುದ್ಧಿಯಿಂದ, ಒಂದು ಹಳೆಯ ಬನಿಯನ್ನು ಹಾಗೂ ಅರ್ಧ ಲೋಟ ಪೆಟ್ರೋಲನ್ನು ಆಯುಧಗಳಾಗಿ ಬಳಸಿ, ನಿನ್ನ ಎರಡು ಬಿಳಿ ಗೆರೆಗಳನ್ನು ನಾನು ಒರೆಸಿಹಾಕಿದ್ದೇನೆ. ಪಶ್ಚಾತ್ತಾಪ ಇನ್ನೂ ಆಗಿಲ್ಲ. ಆದ ಕೂಡಲೇ ತಿಳಿಸುತ್ತೇನೆ.

ನಿನ್ನ ಎರಡು ಪತ್ರಗಳಿಗೆ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನೀನು ನಗುವುದು ಕೇಳಿಸುತ್ತದೆ, ಕಾಗದದಲ್ಲಿ ಆ ತೊಂದರೆಯಿಲ್ಲ. ನಿನ್ನ ಅಕ್ಕ ಚೆನ್ನಾಗಿದ್ದಾಳೆ. ಮೊಣಕಾಲು ಪರವಾಗಿಲ್ಲ, ನಾಲಿಗೆಯ ಆರೋಗ್ಯವಂತೂ ಕೇಳಲೇಬೇಡ.

ಮಗಳಿಗೆ ಕೆಲಸ ಸಿಕ್ಕಿದ್ದು ನಿನಗೆ ಗೊತ್ತು. ನನಗಿಂತ ಮೊದಲೇ ಗೊತ್ತಾಯಿತಂತೆ, ಇರಲಿ. ನೀರು ಶುದ್ಧೀಕರಿಸುವ ಘಟಕದಲ್ಲಿ, ಇಲ್ಲಿಂದ ಮುನ್ನೂರು ಕಿಲೋಮೀಟರು. "ಕಾರು ನಾನೇ ಓಡಿಸ್ಕೊಂಡು ಹೋಗ್ತೀನಿ," ಅಂದಳು. ಕಾರೆಂದರೆ ನೀನು ಊರು ಬಿಡುವಾಗ ನಮ್ಮ ಷೆಡ್ಡಿಗೆ ದತ್ತು ಕೊಟ್ಟುಹೋದ ಆ ಹಳೆಯ ಸುಂದರಿಯೇ. ವಯಸ್ಸಿನಲ್ಲಿ ನಿನ್ನ ಅಕ್ಕನಿಗಿಂತ ಎರಡೇ ವರ್ಷ ಚಿಕ್ಕವಳು. ಅದರ ಟೈಮಿಂಗ್ ಬೆಲ್ಟು ಬದಲಾಯಿಸಿ ಹತ್ತು ವರ್ಷವಾಯಿತು, ದಾರಿಯಲ್ಲಿ ಹರಿದರೆ ವಾಲ್ವುಗಳಿಗೆ ಪಿಸ್ಟನ್ನುಗಳು ಡಿಕ್ಕಿ ಹೊಡೆದು ಎಂಜಿನ್ನಿನ ಕತೆಯೇ ಮುಗಿಯುತ್ತದೆ ಎಂದು ಊಟದ ಮೇಜಿನಲ್ಲಿ ಮಗಳೇ ನನಗೆ ಪಾಠ ಮಾಡಿದಳು.

"ಮಾಮನ್ನ ಕರೆಸೋಣ."

"ಅವನೇ ಸರಿ. ಅವನ ಕೈಗುಣವೇ ಬೇರೆ," ಅಂದಳು ನಿನ್ನ ಅಕ್ಕ.

ಇಪ್ಪತ್ತಾರು ವರ್ಷಗಳಿಂದ ಈ ಕೈಗುಣದ ಸಮಾಚಾರ ಕೇಳುತ್ತಿದ್ದೇನಪ್ಪಾ. ಫ್ಯಾನು ಕಿರುಗುಟ್ಟಿದರೆ ನಿನ್ನ ಕೈಗುಣ, ನಲ್ಲಿ ತೊಟ್ಟಿಕ್ಕಿದರೆ ನಿನ್ನ ಕೈಗುಣ. ನನ್ನ ಪಾಲಿಗೆ ಉಳಿದದ್ದು ಬಾಯಿಗುಣ. ತರ್ಕಶಾಸ್ತ್ರದ ಮೇಷ್ಟ್ರಿಗೆ ಸಂಬಳ ಬರುವುದೇ ಅದರಿಂದ. "ಬೆಲ್ಟು ನಾನೇ ಹಾಕ್ತೀನಿ," ಅಂದುಬಿಟ್ಟೆ.

ನಿನ್ನ ಅಕ್ಕ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. "ನೀವಾ? ಬಾಟ್ಲಿ ಮುಚ್ಚಳ ತೆಗೆಯೋಕ್ಕೂ ನನ್ನ ಕರೀತೀರಲ್ರೀ!"

"ತೆಗೆಯೋದು ಬೇರೆ, ಹಾಕೋದು ಬೇರೆ. ತರ್ಕ ಅರ್ಥ ಮಾಡ್ಕೋ."

"ಅಪ್ಪಾ, ಬೆಲ್ಟು ಒಂದು ಹಲ್ಲು ಆಚೀಚೆ ಆದ್ರೂ ಕಷ್ಟ," ಅಂದಳು ಮಗಳು, ಮೆತ್ತಗೆ. ಅವಳಮ್ಮ ನಕ್ಕದ್ದನ್ನು ನುಂಗಿಕೊಂಡೆ. ಈ ಮೆತ್ತಗಿನ ದನಿ ಗಂಟಲಲ್ಲಿ ನಿಂತಿತು.

ಅವಳಿಗೆ ಸೈಕಲ್ ಕಲಿಸಿದವನು ನೀನು, ಕಾರು ಕಲಿಸಿದವನೂ ನೀನು. ಮನೆ ಬಿಟ್ಟು ಹೊರಡುವಾಗಲಾದರೂ ನನ್ನ ಕೈಯಲ್ಲಿ ಆದದ್ದೊಂದು ಅವಳ ಜೊತೆ ಹೋಗಲಿ, ಅಷ್ಟು ದೂರವೂ ಅವಳ ಮುಂದೆ ತಿರುಗುತ್ತಿರಲಿ ಎಂಬ ಆಸೆ ನನಗೆ.

ಶನಿವಾರ ಬೆಳಿಗ್ಗೆ ಎಂಜಿನ್ನಿನ ಮುಂದಿನ ಮುಚ್ಚಳ ಬಿಚ್ಚಿದೆ. ಒಳಗಿದ್ದೆ ನೀನು! ಮೇಲಿನ ಚಕ್ರದ ಅಂಚಿಗೊಂದು, ಕೆಳಗಿನ ಚಕ್ರದ ಅಂಚಿಗೊಂದು ಬಿಳಿ ಗೆರೆ. ಎರಡೂ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತಾಗ ಬೆಲ್ಟು ಏರಿಸಬೇಕು, ಕೆಲಸದ ಗುಟ್ಟೆಲ್ಲ ಅಷ್ಟೇ. ಹತ್ತು ವರ್ಷವಾದರೂ ಬಣ್ಣ ಮಾಸಿರಲಿಲ್ಲ. ಮಗಳು ಬಗ್ಗಿ ನೋಡಿ, "ಅಯ್ಯೋ, ಮಾಮನ ಗುರುತು!" ಅಂದಳು. ಬಾಗಿಲು ತೆರೆದರೆ ನೆಂಟರು ನಿಂತಿದ್ದ ಹಾಗೆ ಮುಖ ಅರಳಿತು.

ಅಂದು ನೀನು ಬೆಲ್ಟು ಹಾಕುವಾಗ ಟಾರ್ಚ್ ಹಿಡಿದಿದ್ದವಳು ಅವಳೇ, ಹದಿಮೂರರ ಹುಡುಗಿ. ನಾನು ಒಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ನಿಮ್ಮಿಬ್ಬರ ನಗು ಕೇಳಿಸುತ್ತಿತ್ತು. ಅಂದಿನಿಂದ ಅವಳು ನಿನಗೆ ಟಾರ್ಚಮ್ಮ. ಒಮ್ಮೆ ನಾನೂ ಹಾಗೆ ಕರೆದು ನೋಡಿದೆ. "ಅದು ಮಾಮ ಕರೆಯೋದು ಅಪ್ಪಾ," ಅಂದಳು.

ಅವಳು ಬಟ್ಟೆ ತುಂಬಿಕೊಳ್ಳಲು ಒಳಗೆ ಹೋದಳು. ನಾನು ಬನಿಯನ್ನು ಪೆಟ್ರೋಲಿಗೆ ಅದ್ದಿದೆ. ಎಂಜಿನ್ನಿಗೂ ನನಗೂ ಇರುವುದು ಹೊಟ್ಟೆಯೊಳಗಿನ ಕಿಚ್ಚೇ. ಅದರದ್ದು ಹೊತ್ತಿಗೆ ಸರಿಯಾಗಿ ಹೊತ್ತುತ್ತದೆ, ನನ್ನದಕ್ಕೆ ಹೊತ್ತುಗೊತ್ತಿಲ್ಲ.

ಆಮೇಲೆ ನಿನ್ನ ಅಕ್ಕನ ಕೆಂಪು ಉಗುರುಬಣ್ಣ ಕದ್ದು ತಂದು ಅದೇ ಜಾಗದಲ್ಲಿ ನನ್ನವೇ ಎರಡು ಗೆರೆ ಎಳೆದೆ. ಬೆಲ್ಟಿನ ಬಿಗಿ ಸಡಿಲಿಸಿ ಹಳೆಯದನ್ನು ಕಳಚಿದೆ, ಹೊಸದನ್ನು ಏರಿಸಿದೆ. ಆರು ಗಂಟೆಯ ದುಡಿಮೆ, ಮೂರು ಬೆರಳಿನ ಚರ್ಮ. ಸಂಜೆ ನಾಲ್ಕೂವರೆಗೆ ಕೀಲಿ ತಿರುಗಿಸಿದರೆ ಮೊದಲ ತಿರುವಿಗೇ ಸ್ಟಾರ್ಟ್! ನಿನ್ನ ಅಕ್ಕ ಅಡುಗೆಮನೆ ಕಿಟಕಿಯಿಂದ ಇಣುಕಿ, "ಪರವಾಗಿಲ್ವೇ!" ಅಂದಳು. ಮದುವೆಯಾದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದು.

ಮರುದಿನ ಮಗಳು ಹೊರಟಳು, ಸುಖವಾಗಿ ತಲುಪಿದಳು. "ದಾರಿಯುದ್ದಕ್ಕೂ ಒಂದು ಸಲಾನೂ ಕೆಮ್ಮಲಿಲ್ಲಪ್ಪಾ," ಎಂದು ಫೋನು ಮಾಡಿದ್ದಳು. ಆದ್ದರಿಂದ ಇನ್ನು ಮುಂದೆ ನಿನ್ನ ಕಾರಿಗೇನಾದರೂ ಆದರೆ ಸಂಕೋಚಪಡದೆ ಎರಡು ಸಾಲು ಬರೆ. ಬರುತ್ತೇನೆ. ಪಾನಾಗಳನ್ನು ನಾನೇ ತರುತ್ತೇನೆ.

ನಿನ್ನ ಮನೆಯಾಕೆಗೆ ನಮ್ಮ ನೆನಪು ಹೇಳು, ಮಕ್ಕಳ ತಲೆ ನೇವರಿಸಿ ನನ್ನ ಆಶೀರ್ವಾದ ತಲುಪಿಸು. ನೀನೂ ಚೆನ್ನಾಗಿರು, ತೀರಾ ಚೆನ್ನಾಗಿರಬೇಡ, ನನ್ನ ನಿದ್ದೆಯನ್ನೂ ಸ್ವಲ್ಪ ನೋಡಿಕೋ.

ಇಂತು ನಿನ್ನ
ಭಾವ

ತಾ.ಕ.: ಮೇಲೆ ಸುಳ್ಳು ಬರೆದಿಲ್ಲ, ಅರ್ಧ ಬಿಟ್ಟಿದ್ದೇನೆ. ಲಕೋಟೆ ಅಂಟಿಸಲು ಮನಸ್ಸಾಗಲಿಲ್ಲ, ಅದಕ್ಕೆ ಇದು.

ಮೊದಲ ತಿರುವಿಗೇ ಸ್ಟಾರ್ಟ್ ಆದ ಕಾರು ಚಳಿಜ್ವರ ಬಂದವರ ಹಾಗೆ ನಡುಗಿ, ಗೇಟಿನವರೆಗೆ ಹೋಗಿ ನಿಂತುಬಿಟ್ಟಿತು. ಉಗುರುಬಣ್ಣ ಒಣಗುವ ಮೊದಲೇ ಕೈಯಿಟ್ಟಿದ್ದೆ. ನನ್ನ ಗುರುತು ಚಕ್ರದ ಮೇಲಿರಲಿಲ್ಲ, ಹೆಬ್ಬೆಟ್ಟಿನ ಮೇಲಿತ್ತು. ನೆನಪಿನಿಂದ ಮತ್ತೊಂದು ಗೆರೆ ಎಳೆದಿದ್ದೆ. ಒಂದು ಹಲ್ಲು ತಪ್ಪಿತ್ತು.

ಮಗಳು ತೋಳು ಮಡಚಿಕೊಂಡು ಬಂದಳು. "ಮಾಮನ ಗುರುತು ಎಲ್ಲಪ್ಪಾ?" ನನ್ನ ಹೆಗಲ ಮೇಲಿದ್ದ ಬನಿಯನ್ನಿನ ಪೆಟ್ರೋಲ್ ವಾಸನೆಯೇ ಉತ್ತರ ಹೇಳಿತು. ಅವಳು ಬೈಯಲಿಲ್ಲ. ಕಣ್ಣು ಮುಚ್ಚಿ ಚಕ್ರದ ಅಂಚಿನುದ್ದಕ್ಕೂ ಉಗುರು ಓಡಿಸಿದಳು.

"ಸಿಕ್ತು. ಮಾಮ ಬಣ್ಣ ನಂಬಲ್ಲಪ್ಪಾ. ಬಣ್ಣದ ಕೆಳಗೆ ಉಳಿಯಿಂದ ಗೀರು ಹಾಕಿರ್ತಾರೆ. ಒರೆಸಿದ್ರೆಲ್ಲ ಹೋಗಲ್ಲ ಅದು."

ಒಂದು ಗಂಟೆ ಹಿಡಿಯಿತು. ಟಾರ್ಚ್ ಹಿಡಿದವನು ನಾನು. ಬೆಲ್ಟು ಮತ್ತೆ ಏರಿಸಿ, ಪಾನಾದಿಂದ ಎರಡು ಸುತ್ತು ತಿರುಗಿಸಿ ನೋಡಿ, ಅವಳು ಒಳಗೆ ಕೂತು ಕೀಲಿ ತಿರುಗಿಸಿದಳು. ಎಂಜಿನ್ನು ಬೆಕ್ಕಿನಂತೆ ಗುರುಗುಟ್ಟಿತು. ಗ್ರೀಸು ಮೆತ್ತಿದ ಮುಖವನ್ನು ಕಿಟಕಿಯಿಂದ ಹೊರಗೆ ಹಾಕಿ, ಖುಷಿಯಲ್ಲಿ, "ಮಾಮಾ, ಸ್ಟಾರ್ಟ್ ಆಯ್ತು!" ಎಂದು ಕೂಗಿದಳು.

ಅಲ್ಲಿ ನನ್ನ ಬಿಟ್ಟು ಯಾರೂ ಇರಲಿಲ್ಲ. ತಾನು ಏನಂದೆನೆಂದು ಅವಳಿಗೇ ಗೊತ್ತಾಗಲಿಲ್ಲ. ಮೂವತ್ತು ವರ್ಷ ತಪ್ಪು ತಿದ್ದಿಯೇ ಉಂಡವನು ನಾನು, ಅದನ್ನು ತಿದ್ದಲಿಲ್ಲ.

"ಹೂಂ, ಟಾರ್ಚಮ್ಮಾ," ಅಂದೆ. ಈ ಸಲ ಅವಳು ಬೇಡವೆನ್ನಲಿಲ್ಲ.