ಅಪ್ಪ ಉಸಿರು ಹಿಡಿದ ಚಿತ್ರ

ಸ್ಟುಡಿಯೋ ಮೇಲಿನ ಮನೆ,
ಶುಕ್ರವಾರ, ಜೂನ್ ಹತ್ತು

ಪ್ರೀತಿಯ ಮಗಳಿಗೆ,

ಅಮ್ಮನ ಆಶೀರ್ವಾದಗಳು. ಹೇಗಿದ್ದೀಯ? ಕೆಮ್ಮು ನಿಂತಿತಾ? ಹೋದ ವಾರ ಫೋನಿನಲ್ಲಿ ಮಾತಿಗೊಂದು ಸಲ ಕೆಮ್ಮುತ್ತಿದ್ದೆ. ಕೇಳಿದರೆ "ಏನಿಲ್ಲಮ್ಮ, ಧೂಳು" ಅಂದೆ. ಧೂಳಾದರೆ ಗುಡಿಸಬೇಕು, ಅದನ್ನೂ ನಾನೇ ಹೇಳಿಕೊಡಬೇಕಾ? ಬಿಸಿ ನೀರು ಕುಡಿ. ರೂಮಿನ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ ಅಂದಿದ್ದೆಯಲ್ಲ, ಅದರ ಸಂದಿಗೆ ರಟ್ಟು ಮಡಚಿ ಸಿಕ್ಕಿಸು. ನನ್ನ ಮೊಣಕಾಲು ಹಾಗೇ ಇದೆ. ಮೆಟ್ಟಿಲು ಇಳಿಯುವಾಗ ದೇವರನ್ನು ನೆನೆಯುತ್ತೇನೆ, ಹತ್ತುವಾಗ ನಿಮ್ಮಪ್ಪನನ್ನು ಬೈಯುತ್ತೇನೆ. ಕೆಳಗೆ ಸ್ಟುಡಿಯೋ, ಮೇಲೆ ಮನೆ ಇರಲಿ ಅಂತ ಹಟ ಹಿಡಿದವರು ಅವರೇ ತಾನೇ. ಅವರು ಹೋಗಿ ವರ್ಷವಾಗುತ್ತಾ ಬಂತು, ನನ್ನ ಬೈಗುಳ ಮಾತ್ರ ಇನ್ನೂ ನಿಂತಿಲ್ಲ. ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡೇ ಬೈಯುತ್ತೇನೆ.

ನಿನ್ನ ಕಾಗದವೂ ಅದರ ಜೊತೆಗಿದ್ದ ಚಿತ್ರವೂ ಬಂದು ಆಗಲೇ ಎಷ್ಟೋ ದಿನವಾಯಿತು. ಅಮ್ಮ ಯಾಕೆ ಉತ್ತರ ಬರೆಯಲಿಲ್ಲ ಅಂತ ಕಾದು ಕಾದು ನಿನಗೆ ಸಾಕಾಗಿರಬೇಕು. ಫೋನಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಅಳು ಮೊದಲು ಬರುತ್ತದೆ, ಮಾತು ಆಮೇಲೆ. ನೀನು ಬರೆದದ್ದು ಅರ್ಥವಾಗಿದೆ. ನಿನ್ನ ಚಿತ್ರಗಳನ್ನೆಲ್ಲ ಪ್ರದರ್ಶನದ ದೊಡ್ಡ ಹಾಲ್‌ನಲ್ಲಿ ಸಾಲಾಗಿ ತೂಗುಹಾಕುತ್ತಾರೆ. ಒಳಗೆ ಬರುವವರಿಗೆ ಮೊದಲು ಕಾಣುವ ಹಾಗೆ ಅಪ್ಪನ ಆ ಚಿತ್ರವನ್ನೇ ಇಡಬೇಕು ಅಂತ ಆ ಹಾಲ್ ನಡೆಸುವವರ ಹಟ. ಅದಿಲ್ಲದಿದ್ದರೆ ಗೋಡೆ ಬೇರೆಯವರಿಗೆ ಹೋಗುತ್ತದೆ. "ಅಮ್ಮ ಬೇಡ ಅಂದರೆ ನಾನು ಹಾಕಲ್ಲ, ಪ್ರದರ್ಶನ ಹೋದರೂ ಹೋಗಲಿ" ಅಂತ ಬರೆದಿದ್ದೀಯ. ಇಷ್ಟು ದೊಡ್ಡ ಮಾತನ್ನು ನನ್ನ ತಲೆಯ ಮೇಲೆ ಇಟ್ಟು ನೀನು ಕೆಮ್ಮುತ್ತಾ ಕೂತಿದ್ದೀಯಲ್ಲ ಮಗಳೇ.

ಚಿತ್ರವನ್ನು ನಾನೇನೂ ಬಚ್ಚಿಡಲಿಲ್ಲ. ನಿನ್ನ ಸೋದರತ್ತೆ ಬಂದಿದ್ದಾಗ ತೋರಿಸಿದೆ. ನೋಡಿದ ತಕ್ಷಣ ಮಗುಚಿ ಇಟ್ಟಳು. "ನಮ್ಮಣ್ಣ ಇಸ್ತ್ರಿ ಇಲ್ಲದ ಅಂಗಿ ಹಾಕ್ಕೊಂಡು ಬೀದಿಗೆ ಇಳಿದವನಲ್ಲ ಅತ್ತಿಗೆ. ಅವನನ್ನ ಬರಿಮೈಯಲ್ಲಿ, ಬಾಯಿ ಸೊಟ್ಟ ಆಗಿರೋವಾಗ, ಊರಿಗೆಲ್ಲ ತೋರಿಸ್ತಾಳಂತಾ? ಇವಳಿಗೇನು ಬಂದಿದೆ?" ಅಂದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿದೆ ಹೇಳು. ಸ್ಟುಡಿಯೋಗೆ ಬಂದವರ ಕಾಲರ್ ಸರಿಮಾಡಿ, ತಲೆ ಬಾಚಿ, ಜೇಬಿನಿಂದ ಕರವಸ್ತ್ರ ತೆಗೆದು ಅವರ ಮೂಗಿನ ಬೆವರನ್ನೂ ಒರೆಸಿ ಆಮೇಲೆ ಕ್ಯಾಮೆರಾ ಮುಟ್ಟುತ್ತಿದ್ದ ಮನುಷ್ಯ ಅವರು. ಪಕ್ಕದಂಗಡಿಯ ಟೈಲರ್ ಮಾವನಿಗೂ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಅಕ್ಕಾ, ಎಲ್ಲರೂ ಇದರಲ್ಲಿ ಅವರನ್ನ ನೋಡ್ತಾರೆ ಅಂತ ನೀವು ಹೆದರಿಕೊಂಡಿದ್ದೀರಿ. ಯಾರೂ ಅವರನ್ನ ನೋಡಲ್ಲ. ನೋಡೋದು ನಿಮ್ಮನ್ನ" ಅಂದು ಎದ್ದು ಹೋಗಿ ಮಿಷನ್ ತುಳಿಯತೊಡಗಿದರು. ಸೂಜಿಗೆ ದಾರ ಪೋಣಿಸದೆಯೇ ತುಳಿಯುತ್ತಿದ್ದರು, ಪಾಪ.

ನಿನಗೆ ಹನ್ನೆರಡು ವರ್ಷ ಇರಬೇಕು. ಸ್ಟುಡಿಯೋದ ಸ್ಟೂಲಿನ ಮೇಲೆ ಕಾಲಾಡಿಸುತ್ತಾ ಕೂತು, "ದೊಡ್ಡ ಫೋಟೋಗ್ರಾಫರ್ ಆಗಬೇಕು ಅಂದ್ರೆ ಏನು ಬೇಕಪ್ಪಾ?" ಅಂತ ಕೇಳಿದ್ದೆ. "ಕಾಲು ಬೇಕು, ಹೊತ್ತುಗಟ್ಟಲೆ ನಿಲ್ಲೋಕೆ. ಬಾಯಿ ಬೇಕು, ಬಂದೋರನ್ನ ನಗಿಸೋಕೆ. ಕಣ್ಣು ಬಿಡು, ಎಲ್ಲರಿಗೂ ದೇವರು ಎರಡೆರಡು ಕೊಟ್ಟಿದ್ದಾನೆ" ಅಂದಿದ್ದರು. "ಮೊದಲು ಆ ಸ್ಟೂಲು ಮುರೀದಂಗೆ ಕೂರೋದು ಕಲಿ" ಅಂತ ನಾನು ಮೇಲಿನಿಂದ ಕೂಗಿದ್ದೆ. ಈಗ ನೀನು ಬರೆದಿದ್ದೀಯ, ಹಾಲ್ ನಡೆಸುವವರು ಹೇಳಿದರಂತೆ: ಏನೇ ಆಗಲಿ ಕ್ಯಾಮೆರಾ ಕೆಳಗಿಡದವರೇ ದೊಡ್ಡವರಾಗುವುದು, ನಿಮ್ಮಲ್ಲಿ ಅದಿದೆ, ಅಂತ. ಅದನ್ನು ಓದಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ನೀನು ಹುಟ್ಟುವ ಮುಂಚಿನ ಮಾತು. ಆಗ ನಿಮ್ಮಪ್ಪ ಪೇಪರಿನವರಿಗೂ ಫೋಟೋ ತೆಗೆದುಕೊಡುತ್ತಿದ್ದರು. ಒಂದು ದಿನ ಸೇತುವೆ ಹತ್ತಿರ ಬಸ್ಸು ಮಗುಚಿತು ಅಂತ ಪೇಪರಿನವರು ಇವರನ್ನು ಅಲ್ಲಿಗೆ ಓಡಿಸಿದರು. ಮಿಕ್ಕವರಿಗಿಂತ ಮುಂಚೆ ತಲುಪಿದವರು ಇವರೇ. ಸಂಜೆ ಮನೆಗೆ ಬಂದಾಗ ಅಂಗಿಯ ತುಂಬ ಕೆಸರು, ರಕ್ತ. ಕ್ಯಾಮೆರಾ ಚೀಲದ ಬಕ್ಕಲನ್ನೂ ಬಿಚ್ಚಿರಲಿಲ್ಲ. ಒಂದೂ ಫೋಟೋ ಇಲ್ಲ. ಪೇಪರಿನವರು ಬಾಯಿಗೆ ಬಂದಂತೆ ಬೈದರು, ಮತ್ತೆ ಯಾವತ್ತೂ ಕರೆಯಲಿಲ್ಲ. ನನಗೂ ಹೊಟ್ಟೆ ಉರಿದು, "ಒಂದಾದರೂ ತೆಗೆದು ಆಮೇಲೆ ಜನರನ್ನ ಎತ್ತಬಾರದಿತ್ತಾ?" ಅಂತ ಕೇಳಿದೆ. ಅವರು ಕೈ ತೊಳೆಯುತ್ತಾ, "ಕೈ ಎರಡೇ ಕಣೇ ಇರೋದು" ಅಂದರು, ಅಷ್ಟೇ. ಆಮೇಲೆ ಜೀವನಪೂರ್ತಿ ಮದುವೆ, ಪಾಸ್‌ಪೋರ್ಟ್ ಫೋಟೋ, ಸ್ಕೂಲಿನ ಗುಂಪು ಫೋಟೋ. ಅವರು ದೊಡ್ಡ ಫೋಟೋಗ್ರಾಫರ್ ಆಗಲಿಲ್ಲ. ನನಗದು ಗೊತ್ತು, ಅವರಿಗೂ ಗೊತ್ತಿತ್ತು. ಅವರ ಜಾಗದಲ್ಲಿ ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಯೋಚಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಮೇಲೆ ಸಿಟ್ಟಿಟ್ಟುಕೊಂಡು ಬರೆಯುತ್ತಿಲ್ಲ.

ನೀನು ಆ ಚಿತ್ರ ತೆಗೆದ ದಿನದ ವಿಷಯವನ್ನು ನಾವಿಬ್ಬರೂ ಮತ್ತೆ ಎತ್ತಲೇ ಇಲ್ಲ. ನನಗೆ ಹೇಗೆ ನೆನಪಿದೆಯೋ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ನೀನು ತಿದ್ದು. ಅಪ್ಪನಿಗೆ ಬಲಗಡೆ ಪೂರ್ತಿ ಬಿದ್ದುಹೋಗಿ ಮಾತು ನಿಂತು ತಿಂಗಳುಗಳಾಗಿದ್ದವು. ನೀನು ರಜೆ ಹಾಕಿ ಬಂದಿದ್ದೆ. ಬೆಳಿಗ್ಗೆ ಕಿಟಕಿ ಪಕ್ಕ ಕುರ್ಚಿ ಹಾಕಿ, ಅವರನ್ನು ಕೂರಿಸಿ, ಬೇಸಿನ್ನಿನಲ್ಲಿ ಬಿಸಿ ನೀರಿಟ್ಟುಕೊಂಡು ನಾನು ಮೈ ಒರೆಸುತ್ತಿದ್ದೆ. ನೀನು ಅವರದೇ ಹಳೇ ಕ್ಯಾಮೆರಾ ಎತ್ತಿಕೊಂಡು ಬಾಗಿಲ ಹತ್ತಿರ ನಿಂತೆ. ನಾನು ನಿನ್ನನ್ನು ನೋಡಲಿಲ್ಲ. ಅವರು ನೋಡಿದರು.

ಅವರ ಅಭ್ಯಾಸ ನಿನಗೆ ಗೊತ್ತಿದ್ದದ್ದೇ. ಮೊದಮೊದಲು ಸ್ಟುಡಿಯೋದಲ್ಲಿ ಒಳ್ಳೆಯ ಲೈಟು ಇರಲಿಲ್ಲ. ಕ್ಯಾಮೆರಾದ ಕಣ್ಣು ತುಸು ಹೊತ್ತು ತೆರೆದೇ ಇರಬೇಕಿತ್ತು, ಕೂತವರು ಅಲುಗಿದರೆ ಮುಖವೆಲ್ಲ ಕಲಸಿಹೋಗುತ್ತಿತ್ತು. ಅದಕ್ಕೇ "ಉಸಿರು ಹಿಡೀರಿ… ಬಿಡಿ" ಅನ್ನುವುದು ಅವರಿಗೆ ರೂಢಿಯಾಯಿತು. ಬಂದವರ ಜೊತೆ ತಾವೂ ಹಿಡಿಯುತ್ತಿದ್ದರು. ಹೊಸ ಕ್ಯಾಮೆರಾ ಬಂದ ಮೇಲೂ ಬಿಡಲಿಲ್ಲ. ಒಂದು ಸಲ ಯಾರೋ ದಪ್ಪ ಮಾವನಿಗೆ "ಹಿಡೀರಿ" ಅಂದು, ಪರದೆ ಸೊಟ್ಟ ಇದೆ ಅಂತ ಸರಿಮಾಡಲು ಹೋದವರು "ಬಿಡಿ" ಅನ್ನುವುದನ್ನೇ ಮರೆತು, ಆ ಮನುಷ್ಯ ಟೊಮೆಟೊ ಥರ ಕೆಂಪಾಗಿದ್ದು ನೆನಪಿದೆಯಾ? "ಇವರ ಹತ್ರ ಫೋಟೋ ತೆಗೆಸ್ಕೋಬೇಕಾದರೆ ಮೊದಲು ಡಾಕ್ಟರನ್ನ ಕೇಳಿಕೊಂಡು ಬರಬೇಕು" ಅಂತ ಟೈಲರ್ ಮಾವ ಬೀದಿಯಲ್ಲೆಲ್ಲ ಹೇಳಿಕೊಂಡು ತಿರುಗಿದರು.

ಇಷ್ಟೆಲ್ಲ ಗೊತ್ತಿದ್ದೂ ಆ ಬೆಳಿಗ್ಗೆ ನನಗೆ ಹೊಳೆಯಲಿಲ್ಲ. ನನ್ನ ಅಂಗೈ ಅವರ ಎದೆಯ ಮೇಲಿತ್ತು. ಎದೆ ಏರಿದ್ದು ಗೊತ್ತಾಯಿತು, ಇಳಿಯಲೇ ಇಲ್ಲ. ಕಾದೆ. ಇಳಿಯಲಿಲ್ಲ. ಮುಖ ನೋಡಿದರೆ ಗದ್ದ ಎತ್ತಿ, ಕಣ್ಣು ಒಂದೇ ಕಡೆ ನೆಟ್ಟಿದ್ದಾರೆ. ಹೋದರು ಅಂದುಕೊಂಡೆ. "ಬಾರೇ, ಅಪ್ಪ ಹೋದ್ರು ಬಾರೇ" ಅಂತ ಕೂಗಿದೆ. ನೀನು ಬರಲಿಲ್ಲ. ಕ್ಲಿಕ್ ಅನ್ನುವ ಸದ್ದು ಕೇಳಿತು. ಆಮೇಲೆ ಅವರು ಪುಸ್ ಅಂತ ಉಸಿರು ಬಿಟ್ಟು, ನೆಟ್ಟಗಿದ್ದ ಅರ್ಧ ಬಾಯಲ್ಲಿ ನಕ್ಕರು. ಕಾಯಿಲೆ ಬಿದ್ದ ಮೇಲೆ ಅವರು ನಕ್ಕಿದ್ದು ಅದೊಂದೇ ಸಲ. ಎಡಗೈಯ ಬೆರಳೊಂದನ್ನು ಎತ್ತಿ ನಿನ್ನ ಕಡೆ ತೋರಿಸಿದರು, ಸ್ಟುಡಿಯೋದಲ್ಲಿ "ಇನ್ನೊಂದು ತೆಗೆಯೋಣ" ಅನ್ನುವಾಗ ತೋರಿಸುತ್ತಿದ್ದ ಹಾಗೆ. ನಾನು ಒದ್ದೆ ಟವೆಲನ್ನು ಕ್ಯಾಮೆರಾದ ಮೇಲೆ ಎಸೆದೆ. "ನೀನು ಇವರ ಮಗಳಾ, ಇಲ್ಲ ಆ ಡಬ್ಬಿಯ ಮಗಳಾ?" ಅಂದೆ. ನೀನು ಗೋಡೆಗೆ ಒರಗಿ ನಿಂತಿದ್ದೆ, ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಮಾರನೆಯ ದಿನ ಬ್ಯಾಗು ಹಿಡಿದು ಹೊರಟೆ. ಅಂದ ಮಾತನ್ನು ನಾನು ವಾಪಸ್ಸು ತೆಗೆದುಕೊಳ್ಳುತ್ತಿಲ್ಲ. ತಾಯಿ ಕೂಗಿದಾಗ ಮಗಳು ಬರಬೇಕು. ಅದರಲ್ಲಿ ನನಗೆ ಎರಡನೇ ಮಾತಿಲ್ಲ.

ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ನಿಜವಾಗಿ ಹೋದಾಗ ನಾನು ಹತ್ತಿರ ಇರಲಿಲ್ಲ. ಔಷಧಿ ಅಂಗಡಿಯಲ್ಲಿ ಚಿಲ್ಲರೆಗೆ ಕಾಯುತ್ತಾ ನಿಂತಿದ್ದೆ. ಮನೆಗೆ ಬಂದೆ, ಟೈಲರ್ ಮಾವ ಮೆಟ್ಟಿಲ ಮೇಲೆ ಕೂತಿದ್ದರು, ಗೊತ್ತಾಯಿತು. ಒಳಗೆ ಹೋಗಿ ಹೊದಿಕೆ ಸರಿಮಾಡಿದೆ, ಬಂದವರಿಗೆ ಚಾಪೆ ಹಾಸಿದೆ, ಲೋಟ ತೊಳೆದಿಟ್ಟೆ. ಕಣ್ಣೀರು ಬರಲಿಲ್ಲ. ಬಂದ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ಏನಿವಳು ಕಲ್ಲು ಅಂದುಕೊಂಡಿರಬೇಕು. ನನಗೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಬಾಳಿದ್ದು ಬರೀ ರೂಢಿಯಿಂದಲೇ ಏನೋ, ನನ್ನೊಳಗೆ ಏನೂ ಇರಲಿಲ್ಲವೇನೋ ಅಂತ ವರ್ಷವೆಲ್ಲ ದೇವರ ಮುಂದೆ ಕೂತಾಗ ಅದೇ ಯೋಚನೆ.

ನೀನು ಕಳಿಸಿದ ಚಿತ್ರದಲ್ಲಿ ನನ್ನ ಮುಖ ನೋಡಿದೆ. ಅದು ನಾನೇ ಅಂತ ಗುರುತು ಹಿಡಿಯಲು ಹೊತ್ತು ಬೇಕಾಯಿತು. ಬಾಯಿ ತೆರೆದಿದೆ, ಕೂದಲು ಕೆದರಿದೆ, ಅಂಗೈ ಅವರ ಎದೆಗೆ ಅಂಟಿಕೊಂಡಿದೆ. ಅವರು ನೆಟ್ಟಗೆ, ದೊರೆಯ ಹಾಗೆ ಗದ್ದ ಎತ್ತಿಕೊಂಡಿದ್ದಾರೆ. ನಾನೊಬ್ಬಳೇ ಮುಳುಗಿಹೋಗುವವಳ ಹಾಗೆ ಇದ್ದೇನೆ. ಅವರು ಹೋದದ್ದಕ್ಕೆ ನಾನು ಅತ್ತದ್ದು ಅದೇ, ಮುಂಚಿತವಾಗಿ ಅತ್ತುಬಿಟ್ಟಿದ್ದೆ. ಅದನ್ನು ಯಾರೂ ನೋಡದೆ ಹೋಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಚಿತ್ರವನ್ನು ದೇವರ ಮುಂದಿಟ್ಟು ಬಹಳ ಹೊತ್ತು ಕೂತೆ. ದೇವರೇ, ನೀನೂ ಇವಳ ಹಾಗೇ ಅಲ್ಲವೇನಪ್ಪಾ, ಎಲ್ಲ ನೋಡುತ್ತೀ, ಕೂಗಿದರೆ ಬರುವುದಿಲ್ಲ ಅಂತ ಒಂದು ಕೆಟ್ಟ ಯೋಚನೆ ಬಂತು. ತಪ್ಪಾಯಿತು ಅಂತ ಕೈಮುಗಿದೆ. ಆದರೆ ಬಂದ ಯೋಚನೆ ಬಂದದ್ದೇ.

ಇರಲಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಸೋದರತ್ತೆ ನಿನ್ನ ಮೇಲೆ ಸಿಟ್ಟಿನಲ್ಲಿದ್ದರೂ ನಿನಗೆ ಸ್ವೆಟರ್ ಹೆಣೆಯುತ್ತಿದ್ದಾಳೆ, ಒಂದು ತೋಳು ಮುಗಿದಿದೆ. ಟೈಲರ್ ಮಾವ ಕೇಳಿದೆ ಅಂತ ಹೇಳು ಅಂದರು. ಸ್ಟುಡಿಯೋದ ಬಾಗಿಲನ್ನು ವಾರಕ್ಕೊಮ್ಮೆ ತೆರೆದು ಗಾಳಿ ಆಡಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಲಗುವ ಮುಂಚೆ ದೇವರನ್ನು ನೆನೆ. ನಂಬಿಕೆ ಇಲ್ಲದಿದ್ದರೂ ನೆನೆ, ಖರ್ಚೇನಿಲ್ಲ. ದೇವರು ನಿನ್ನ ಕಣ್ಣು, ಕೈ ಎರಡನ್ನೂ ಚೆನ್ನಾಗಿಟ್ಟಿರಲಿ.

ಇಂತಿ,
ನಿನ್ನ ಅಮ್ಮ

ತಾ.ಕ.: ಟೈಲರ್ ಮಾವ ಅಂಚೆಗೆ ಹಾಕುತ್ತೇನೆ ಅಂತ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಚಿತ್ರ ಹಾಕು. ಬಾಗಿಲ ಎದುರಿಗೇ ಹಾಕು. ಅತ್ತೆಗೆ ನಾನು ಹೇಳಿಕೊಳ್ಳುತ್ತೇನೆ. ಕೇಳಬೇಕು ಅಂತ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿರುವುದು ಒಂದಿದೆ. ನಾನು ಬಾರೇ ಅಂತ ಕೂಗಿದಾಗ, ಅಪ್ಪ ಉಸಿರು ಹಿಡಿದಿದ್ದಾರೆ ಅಷ್ಟೇ ಅಂತ ನಿನಗೆ ಗೊತ್ತಿತ್ತಾ? ಇಲ್ಲ ಹೋಗಿಬಿಟ್ಟರು ಅಂತ ನೀನೂ ಅಂದುಕೊಂಡೆಯಾ? ನನ್ನ ಸಮಾಧಾನಕ್ಕೆ ಸುಳ್ಳು ಬರೆಯಬೇಡ, ಬರೆಯಲೇಬೇಡ. ಪ್ರದರ್ಶನ ಮುಗಿದ ದಿನವೇ ಹೊರಟು ಬಂದು ಎದುರಿಗೆ ಕೂತು ಹೇಳು. ಹೋದರು ಅಂದುಕೊಂಡೇ ತೆಗೆದೆ ಅಂದರೂ ಬೈಯುವುದಿಲ್ಲ. ನಾನಾದರೂ ಆವತ್ತು ಕೂಗಿಕೊಂಡೆ. ನೀನು ಆವತ್ತೂ ಅಳಲಿಲ್ಲ, ಮಣ್ಣು ಮಾಡಿದ ದಿನವೂ ಅಳಲಿಲ್ಲ. ಇಲ್ಲಿಗೆ ಬಂದು ಅಳು.