ನನ್ನ ಫೋನಿನಲ್ಲಿ ಸುಂಕಮ್ಮನ ಕಾಲು

ಹೂವಿನಹಡಗಲಿ
೨೨ ಮೇ ೨೦೨೫

ಗೆಳೆಯ ಅಜ್ಜಯ್ಯನಿಗೆ, ಹತ್ತು ಬೆರಳಿನ ಶಿವಯೋಗಪ್ಪನ ನಮಸ್ಕಾರ.

ಮೊದಲು ಖರ್ಚು ಬರೆದುಬಿಡುತ್ತೇನೆ, ಸುದ್ದಿ ಆಮೇಲೆ. ಮೊದಲ ಎರಡು ತಿಂಗಳ ಸೂಜಿ ಅರವತ್ಮೂರು, ಅದರಲ್ಲಿ ನನ್ನ ಬೆರಳಿಗೆ ಬಿದ್ದದ್ದು ಒಂದೇ ಒಂದು. ಬಾಡಿದ ಮಲ್ಲಿಗೆ ಎರಡು ಬುಟ್ಟಿ. ಚಪ್ಪಲಿ ಒಂದು ಜೊತೆ. ಬೆಲ್ಲದ ಡಬ್ಬಿ ಒಂದು, ಅರ್ಧ ತುಂಬಿದ್ದು. ಬಲಗಾಲಿನ ಎರಡನೇ ಬೆರಳಿನ ಉಗುರು. ಹನ್ನೆರಡು ಹೆಣ್ಣುಮಕ್ಕಳ ಮುಂದೆ ಮಾನ, ಇದ್ದಷ್ಟೂ.

ನಿನಗೂ ಸಕ್ಕರೆ ಕಾಯಿಲೆ ಬಂದಿದೆ, ಕೂಡ್ಲಿಗಿಯಲ್ಲಿ ಡಾಕ್ಟರು ಫೋನಿಗೆ ಆ್ಯಪ್ ಹಾಕಿಸಿಕೋ ಅನ್ನುತ್ತಾರೆ, ಹಾಕಿಸಲೋ ಬೇಡವೋ ಅಂತ ಕೇಳಿದ್ದೀ. ಫೋನಿನಲ್ಲೇ ಹೇಳುತ್ತಿದ್ದೆ. ಆದರೆ ನನ್ನ ಫೋನು ಈಗ ಎರ್ರಮ್ಮನ ಸೊಂಟದ ಚೀಲದಲ್ಲಿ ಇರುತ್ತದೆ. ಅದಕ್ಕೇ ಈ ಪತ್ರ ನಿನ್ನ ಅಂಗಡಿಗೆ ಹೋಗುವ ಹೂವಿನ ಬುಟ್ಟಿಯ ತಳದಲ್ಲಿ ಬಸ್ಸು ಹತ್ತುತ್ತಿದೆ.

ಎರ್ರಮ್ಮ ಅಂದ ಕೂಡಲೇ ಹುಬ್ಬೇರಿಸಬೇಡ. ಅದೇ ನನ್ನ ಹೆಂಡತಿ, ಹರಪನಹಳ್ಳಿಯ ತಂಗಿ ಮನೆಗೆ ಹೋಗಿ ನಾಲ್ಕು ವರ್ಷ ಮಾತು ಬಿಟ್ಟವಳು. ಯಾಕೆ ಹೋದಳು ಅಂತ ಯಾರಿಗೂ ಹೇಳಿರಲಿಲ್ಲ, ನಿನಗೆ ಹೇಳುತ್ತೇನೆ. ನನಗೆ ಸಕ್ಕರೆ ಐತಿ ಅಂತ ಗೊತ್ತಾದ ದಿನ ಅವಳು ಡಾಕ್ಟರ ಮುಂದೆ, ಅಷ್ಟು ಮಂದಿಯ ಎದುರಿಗೆ, ನಾನು ತಿನ್ನುವುದನ್ನೆಲ್ಲ ಒಪ್ಪಿಸಿದಳು: ಬೆಳಿಗ್ಗೆ ಬೆಲ್ಲ, ಮಧ್ಯಾಹ್ನ ಹೋಳಿಗೆ, ಸಂಜೆ ಜಿಲೇಬಿ, ಮಲಗುವಾಗ ಮತ್ತೆ ಬೆಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನಂದೆ, ನಾ ಹೆಂಡ್ತಿ ಮಾಡ್ಕೊಂಡಿದ್ದೆ, ಪೊಲೀಸ್ ಅಲ್ಲ. ಅವಳು ಮುಂದಿನ ಸ್ಟಾಪಿನಲ್ಲಿ ಇಳಿದು ಹರಪನಹಳ್ಳಿ ಬಸ್ಸು ಹತ್ತಿದಳು. ನಾನೂ ಇಳಿಯಬಹುದಿತ್ತು. ಕಿಟಕಿ ಸೀಟು ಸಿಕ್ಕಿತ್ತು.

ಈ ಮಾರ್ಚಿನಲ್ಲಿ ಆಸ್ಪತ್ರೆಯ ನರ್ಸು ಭಾಗ್ಯ ನನ್ನ ಫೋನಿಗೆ ಆ್ಯಪ್ ಹಾಕಿದಳು. ದಿನಾ ಬೆಳಿಗ್ಗೆ ಬೆರಳಿಗೆ ಸೂಜಿ ಚುಚ್ಚಿ ಅಂಕಿ ತುಂಬಬೇಕು. ಭಾನುವಾರ ಭಾನುವಾರ ಎರಡೂ ಪಾದದ ಫೋಟೊ ಹಾಕಬೇಕು, ಯಾಕಂದರೆ ನನ್ನ ಪಾದಕ್ಕೆ ಸ್ಪರ್ಶ ಕಮ್ಮಿಯಾಗಿದೆ. ಗಾಯ ಆದರೆ ಗೊತ್ತಾಗೂದಿಲ್ಲ, ಗೊತ್ತಾಗೂದ್ರಾಗ ಬೆರಳು ತೆಗಿಬೇಕಾಗ್ತೈತಿ ನೋಡ್ರಿ, ಅಂತ ಡಾಕ್ಟರು ಹೆದರಿಸಿದ್ದರು. ಮನೆಯವರ ನಂಬರು ಒಂದು ಕೊಡಿ, ಅವರಿಗೂ ಎಲ್ಲಾ ಕಾಣಸ್ತೈತಿ ಅಂದಳು ಭಾಗ್ಯ. ನನ್ನ ಬಾಯಿಂದ ಎರ್ರಮ್ಮನ ನಂಬರು ಬಿದ್ದುಹೋಯಿತು. ಅದು ಹೇಗೆ ಬಿತ್ತೋ, ಇರಲಿ.

ಮೊದಲ ದಿನ ಚುಚ್ಚಿಕೊಂಡೆ. ಇನ್ನೂರ ಅರವತ್ತೆಂಟು. ಫೋನಿನಲ್ಲಿ ಕೆಂಪು ಮುಖವೊಂದು ಮೂತಿ ತಿರುವಿ ಕೂತಿತು. ಮೊಗ್ಗು ಕಟ್ಟಲು ಕೂತಿದ್ದ ಹನ್ನೆರಡು ಹೆಣ್ಣುಮಕ್ಕಳೂ ಬಗ್ಗಿ ನೋಡಿದರು. ಅಜ್ಜಯ್ಯ, ಮಾಗಳದಿಂದ ಸೈಕಲ್ಲಿನ ಮೇಲೆ ಒಂದು ಬುಟ್ಟಿ ಮಲ್ಲಿಗೆ ಹೊತ್ತು ಬಂದು ಈ ಹೂವಿನ ವ್ಯಾಪಾರ ಕಟ್ಟಿದವನು ನಾನು. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಯೂ ನನ್ನ ಮಾಲಿಗೆ ಮೂತಿ ತಿರುವಿಲ್ಲ. ನಮ್ಮ ದಂಧೆ ನಿನಗೆ ಗೊತ್ತಲ್ಲ, ಬುಟ್ಟಿಯ ಬಾಯಿಗೆ ಯಾವಾಗಲೂ ಬಿಗಿ ಮೊಗ್ಗು ಇಡಬೇಕು. ಹಾಗೇ ಇಲ್ಲೂ ಒಳ್ಳೆಯ ಮಾದರಿ ಕಳಿಸಿದೆ. ಹೂ ಕಟ್ಟುವವರಲ್ಲಿ ಸುಂಕಮ್ಮ ಅಂತ ಇದ್ದಾಳೆ, ಕಡ್ಡಿಯಂಥ ಹೆಂಗಸು, ಹರಳೆಣ್ಣೆ ಹಾಕಿದ ಬಂಡಿಯ ಹಾಗೆ ಓಡಾಡುತ್ತಾಳೆ. ದಿನಾ ಅರ್ಧ ತಾಸು ಮೊದಲು ಮನೆಗೆ ಬಿಡುವುದಾದರೆ ಬೆರಳು ಕೊಡುತ್ತೇನೆ ಅಂದಳು. ಅವಳ ರಕ್ತ ನೂರಾ ನಾಲ್ಕು. ಫೋನು ನಕ್ಕಿತು. ಭೇಷ್ ಅಂತ ಬರೆದು ಒಂದು ಹೂವಿನ ಚಿತ್ರ ಕಳಿಸಿತು. ನನಗೇ ಹೂವು!

ಹೀಗೆ ಎರಡು ತಿಂಗಳು. ಡಾಕ್ಟರು ಫೋನಿನ ಅಂಕಿ ನೋಡಿ ಖುಷಿಯಾಗಿ ನನ್ನ ಮಾತ್ರೆ ಅರ್ಧ ಮಾಡಿದರು. ನಾನು ಖುಷಿಯಾಗಿ ಬೆಲ್ಲ ದುಪ್ಪಟ್ಟು ಮಾಡಿದೆ.

ಏಪ್ರಿಲ್ ಕೊನೆಗೆ ಚಪ್ಪಲಿಯ ಪಟ್ಟಿ ಉಜ್ಜಿ ಬೆರಳು ಗಾಯವಾಯಿತು. ನೋವಿಲ್ಲ, ಅಂದಮೇಲೆ ಗಾಯವೂ ಇಲ್ಲ ಅಂದುಕೊಂಡೆ. ವಾರದೊಳಗೆ ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಆಸ್ಪತ್ರೆಗೆ ಹೋಗೋಣವೆಂದರೆ ಅರವತ್ತೆರಡು ಸುಳ್ಳು ಬಿಚ್ಚಬೇಕು. ಹೋಗದಿದ್ದರೆ ಬೆರಳು ಬಿಡಬೇಕು. ಎರಡು ರಾತ್ರಿ ಕಾಲು ನೋಡಿಕೊಳ್ಳುತ್ತ ಕೂತೆ. ಅಷ್ಟರಲ್ಲಿ ಭಾನುವಾರ ಬಂತು, ಫೋನು ಪಾದ ಕೇಳಿತು. ಸುಂಕಮ್ಮನಿಗೆ ಗೋಣಿತಟ್ಟಿನ ಮೇಲೆ ಕಾಲಿಡು ಅಂದೆ. ರಕ್ತ ಆತು, ಈಗ ಕಾಲೂ ಬೇಕಾತೇನ್ರಿ ಸಾವ್ಕಾರ್ರ, ನಾಳೆ ತಲಿ ಕೇಳಬ್ಯಾಡ್ರಿ ಮತ್ತ, ಅಂತ ಬೈದುಕೊಂಡೇ ಇಟ್ಟಳು. ಫೋಟೊ ಹೊಡೆದು ಕಳಿಸಿದೆ.

ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಎರ್ರಮ್ಮ ಇಳಿದಳು. ನನ್ನ ಮುಖ ನೋಡಲಿಲ್ಲ. ನೆಟ್ಟಗೆ ಹೂ ಕಟ್ಟುವವರ ಸಾಲಿಗೆ ಹೋಗಿ ಒಬ್ಬೊಬ್ಬರ ಕಾಲು ನೋಡುತ್ತ ಬಂದಳು. ಹನ್ನೊಂದು ಜನ ಕಾಲು ಸೀರೆಯೊಳಗೆ ಎಳೆದುಕೊಂಡರು. ಸುಂಕಮ್ಮ ಎಳೆದುಕೊಳ್ಳಲಿಲ್ಲ. ಅವಳ ಎರಡನೇ ಬೆರಳಿನಲ್ಲಿ, ಮೀನಿನ ಆಕಾರದ ಬೆಳ್ಳಿಯ ಕಾಲುಂಗುರ ಫಳಫಳ ಅನ್ನುತ್ತಿತ್ತು. ಫೋಟೊದಲ್ಲೂ ಹಾಗೇ ಅಂದಿತ್ತು.

ನನ್ನ ಗಂಡನ ಫೋನಿನ್ಯಾಗ ನಿನ್ನ ಕಾಲಿಗೇನು ಕೆಲಸ ಅಂತ ಎರ್ರಮ್ಮ ಕೇಳಿದಳು. ಸುಂಕಮ್ಮ ದಾರ ಕಚ್ಚಿ ಹರಿದು, ಕಾಲಷ್ಟ ಅಲ್ರಿ ಅಕ್ಕಾರ, ಎರಡು ತಿಂಗಳಿಂದ ರಕ್ತಾನೂ ನಂದ, ಅಂದಳು.

ಅವತ್ತಿನ ಎರಡು ಬುಟ್ಟಿ ಮಲ್ಲಿಗೆ ಬಾಡಿದ್ದು ಆ ನಗುವಿನಲ್ಲೇ. ಯಾರ ಕೈಗೂ ದಾರ ನಿಲ್ಲಲಿಲ್ಲ. ಎರ್ರಮ್ಮ ಮಾತ್ರ ನಗಲಿಲ್ಲ. ರಕ್ತ ನಿಮ್ಮದಲ್ಲ ಅಂತ ಯುಗಾದಿ ಮರುದಿನಾನ ಗೊತ್ತಾಗಿತ್ತು, ಹೋಳಿಗಿ ಹಬ್ಬದ ಮರುದಿನ ನಿಮ್ಮ ಮೈಯಾಗ ನೂರಾ ಎರಡು ಹೆಂಗ ಬರ್ತೈತಿ, ಅಂದಳು. ಗೊತ್ತಾಗಿದ್ದರೆ ಅವತ್ತೇ ಬರಬೇಕಿತ್ತಲ್ಲ ಅಂದೆ. ನಿಮ್ಮ ಸುಳ್ಳಿಗೆ ನಾ ಯಾಕ ಬಸ್ಸು ಹತ್ತಲಿ ಅಂದಳು. ಆಮೇಲೆ, ಚಪ್ಪಲಿ ಬಿಚ್ರಿ ಅಂದಳು.

ಬಿಚ್ಚಿದೆ. ಬೆರಳು ನೋಡಿದಳು. ಎರಡೂ ಚಪ್ಪಲಿ ಎತ್ತಿ ತಿಪ್ಪೆಗೆ ಎಸೆದಳು. ಆಟೊದಲ್ಲಿ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಮತ್ತೆ ಎಲ್ಲಾ ಒಪ್ಪಿಸಿದಳು, ಈ ಸಲ ಸುಂಕಮ್ಮನ ಸಮೇತ. ಭಾಗ್ಯ ತಲೆ ಮೇಲೆ ಕೈಹೊತ್ತು ಕೂತಳು. ಇನ್ನೆರಡು ದಿನ ಬಿಟ್ಟಿದ್ದರೆ ಬೆರಳು ನಮ್ಮ ಬುಟ್ಟಿಗೆ ಬೀಳುತ್ತಿತ್ತು ಅಂದರು ಡಾಕ್ಟರು. ಹದಿನಾರು ದಿನ ಇಂಜೆಕ್ಷನ್, ಡ್ರೆಸಿಂಗು. ಉಗುರು ಹೋಯಿತು, ಬೆರಳು ಉಳಿಯಿತು.

ಆದ್ದರಿಂದ, ಆ್ಯಪ್ ಹಾಕಿಸಿಕೋ. ಅದು ನೀನು ಕೊಟ್ಟಿದ್ದನ್ನು ನಂಬುತ್ತದೆ, ಅಷ್ಟೇ ಅದರ ದೋಷ. ಅದರ ಹಿಂದೆ ನಿನ್ನನ್ನು ನಂಬದವರು ಒಬ್ಬರು ಇರಲಿ.

ಇನ್ನು ಯಾರಿಗೆ ಏನು ಸಿಕ್ಕಿತು ಅಂದರೆ: ಸುಂಕಮ್ಮನಿಗೆ ತನ್ನ ಆರೋಗ್ಯ ಚೆನ್ನಾಗಿದೆ ಅಂತ ಅರವತ್ತೆರಡು ದಿನದ ಪುರಾವೆ, ಜೊತೆಗೆ ಬೆರಳು ಕೊಡದಿದ್ದರೂ ಅರ್ಧ ತಾಸು ರಜೆ. ಭಾಗ್ಯಳಿಗೆ ಹೊಸ ಕಾನೂನು, ಫೋಟೊದಲ್ಲಿ ಈಗ ಪಾದದ ಜೊತೆ ಮುಖವೂ ಬರಬೇಕು, ಕಾಲು ಮೇಲೆತ್ತಿ ಕೂತ ನನ್ನ ಫೋಟೊ ನೋಡಿದರೆ ನೀನು ಊಟ ಬಿಡುತ್ತೀ. ಇರುವೆಗಳಿಗೆ ಬೆಲ್ಲದ ಡಬ್ಬಿ. ಎರ್ರಮ್ಮನಿಗೆ ನನ್ನ ಫೋನು. ನನಗೆ ಇವತ್ತು ಬೆಳಿಗ್ಗೆ ಸ್ವಂತ ರಕ್ತದಲ್ಲಿ ನೂರಾ ಐವತ್ತೆರಡು, ಮತ್ತು ಕಾಲಿನಲ್ಲಿ ಹತ್ತು ಬೆರಳು.

ನಿನ್ನ
ಶಿವಯೋಗಪ್ಪ

ತಾ.ಕ.: ಕಾಲುಂಗುರ ನನ್ನ ಕಣ್ಣಿಗೆ ಬೀಳಲಿಲ್ಲ ಅಂತ ಇಲ್ಲಿ ಎಲ್ಲರೂ ನಂಬಿದ್ದಾರೆ. ಬುಟ್ಟಿಯಲ್ಲಿ ಒಂದು ಬಾಡಿದ ಮೊಗ್ಗಿದ್ದರೆ ದೂರದಿಂದ ಹೇಳುವವನು ನಾನು. ತೆಗೆದಿಡಲೇನ್ರಿ ಅಂತ ಸುಂಕಮ್ಮ ಕೇಳಿದ್ದಳು, ಬೇಡ, ಇರಲಿ ಬಿಡು ಅಂದೆ. ಬೆರಳು ಕಪ್ಪಾಗಿತ್ತು, ಎರ್ರಮ್ಮನನ್ನು ಬಾ ಅಂತ ಕರೆಯಲು ನನಗೆ ಬಾಯಿ ಇರಲಿಲ್ಲ. ಇಷ್ಟನ್ನು ಹರಿದುಹಾಕಿ ಬುಟ್ಟಿ ವಾಪಸ್ಸು ಕಳಿಸು. ಖಾಲಿ ಬುಟ್ಟಿಯನ್ನೂ ಅವಳು ಬೋರಲು ಹಾಕಿ ನೋಡುತ್ತಾಳೆ.