ಮಂಡಕ್ಕಿ ಉಣ್ಣುತ್ತಿಲ್ಲ

ನಿಟ್ಟುವಳ್ಳಿ, ದಾವಣಗೆರೆ
೨೦ ನವೆಂಬರ್ ೨೦೨೫, ಗುರುವಾರ

ಅತ್ತೆಯವರಿಗೆ ಶರಣು.

‘ಮಾತೃಸಮಾನರಾದ’ ಎಂದು ಶುರು ಮಾಡಲು ಹೋದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಸೋಮವಾರ ನಾನು ಅಂಥ ಮಾತು ಆಡಿದ ಮೇಲೆ ಹಾಗೆ ಬರೆದರೆ, ನೀವು ಹೋಗಿ ಕೂತಿರುವ ಹರಿಹರದ ಚಿಕ್ಕತ್ತೆಯವರ ಮನೆಯ ಗೋಡೆಯೂ ನಕ್ಕೀತು. ನಾನು ಫೋನು ಮಾಡಿದರೆ ನೀವು ಎತ್ತುವುದಿಲ್ಲ. ನಿಮ್ಮ ಮಗ ಮಾಡಿದರೆ ‘ಆರಾಮದೀನಪ್ಪ’ ಎಂದು ಇಟ್ಟುಬಿಡುತ್ತೀರಂತೆ. ಅದಕ್ಕೇ ಈ ಕಾಗದ. ನಿಮ್ಮನ್ನು ಕರೆಯಲು ಬರೆದದ್ದಲ್ಲ, ಗಾಬರಿ ಬೇಡ. ಮಂಡಕ್ಕಿಯ ವಿಷಯ ಒಂದಿಷ್ಟು ತಿಳಿಸಬೇಕಿತ್ತು, ಅಷ್ಟೇ.

ಅವಳು ಊಟ ಬಿಟ್ಟಿದ್ದಾಳೆ. ನೀವು ಬ್ಯಾಗು ಹಿಡಿದು ಗೇಟು ದಾಟಿದಾಗಿನಿಂದ ಬಟ್ಟಲಿಗೆ ಮೂತಿ ತಾಗಿಸಿಲ್ಲ. ಬರೀ ನೀರು ಕುಡಿಯುವುದು, ನಡುಮನೆಯಿಂದ ಅಂಗಳದವರೆಗೆ ಉಚ್ಚೆ ಹೊಯ್ಯುವುದು. ಕುಶಿಂಗ್ ಕಾಯಿಲೆ ಬಂದ ನಾಯಿಗಳು ಹಾಗೇ ಅನ್ನುವುದು ನಿಮಗೂ ಗೊತ್ತು. ಆದರೆ ಆ ಕಾಯಿಲೆಯ ಮಾತ್ರೆಯನ್ನು ಊಟದ ಜೊತೆಗೇ ಕೊಡಬೇಕು, ಉಣ್ಣದ ನಾಯಿಗೆ ಕೊಡಲೇಬಾರದು ಎಂದು ಡಾಕ್ಟರ್ ಪುಷ್ಪಲತಾ ಮೊದಲ ದಿನವೇ ಹೇಳಿದ್ದರಲ್ಲ? ಈಗ ಊಟವೂ ಇಲ್ಲ, ಮಾತ್ರೆಯೂ ಇಲ್ಲ. ಮಾತ್ರೆ ಇಲ್ಲದೆ ಕಾಯಿಲೆ ಹತೋಟಿಗೆ ಬರುವುದಿಲ್ಲ. ಅದು ಬರದೆ ಮೂತ್ರದಲ್ಲಿ ಪ್ರೋಟೀನ್ ಸೋರುವುದು ನಿಲ್ಲುವುದಿಲ್ಲ, ಹೀಗೇ ಸೋರುತ್ತಿದ್ದರೆ ಕಿಡ್ನಿ ಎಷ್ಟು ದಿನ ತಡೆದೀತು? ಕಾಲೇಜಿನ ಆಫೀಸಿನಲ್ಲಿ ಕೂತರೂ ಇದೇ ತಲೆಯಲ್ಲಿ ಗಿರಗಿರ ಅನ್ನುತ್ತದೆ. ಇವತ್ತು ರಜೆ ಹಾಕಿದ್ದೇನೆ.

ಇರಿ, ಎದ್ದಳು. ಬಂದೆ.

ಏನಿಲ್ಲ, ಮತ್ತೆ ನೀರು. ಕುಡಿದು ನಿಮ್ಮ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಮಲಗಿದಳು. ಉಪ್ಪಿಲ್ಲದ ಅನ್ನಕ್ಕೆ ಕುಂಬಳಕಾಯಿ ಕಲಸಿ ಕೊಟ್ಟೆ, ಒಲ್ಲೆ ಅಂದಳು. ಮಾವನವರು ತಾವೇ ಗಂಜಿ ಕಾಸಿದರು. ಅರ್ಧ ಪಾತ್ರೆಗೆ ಹತ್ತಿತು, ಉಳಿದರ್ಧವನ್ನು ಅವಳು ಮೂಸಿಯೂ ನೋಡಲಿಲ್ಲ. ಅವರು ಪಾಪ, ಪೇಪರು ತಲೆಕೆಳಗಾಗಿ ಹಿಡಿದು ಕೂತಿರುತ್ತಾರೆ. ನೀವು ಯಾವಾಗ ಬರುತ್ತೀರಿ ಎಂದು ಬಾಯಿಬಿಟ್ಟು ಕೇಳುವ ಜಾಯಮಾನ ಅವರದಲ್ಲ.

ಪರೀಕ್ಷೆಗೆ ಮುಂಜಾನೆಯ ಮೊದಲ ಮೂತ್ರ ಹಿಡಿಯಲು ನಿನ್ನೆ ನಾನೇ ಸೌಟು ತೆಗೆದುಕೊಂಡು ಹೋದೆ. ಅಡುಗೆಗೆ ಬಳಸಬಾರದೆಂದು ಹಿಡಿಗೆ ನೀವು ಕೆಂಪು ದಾರ ಕಟ್ಟಿದ್ದೀರಲ್ಲ, ಅದೇ ಸೌಟು. ಅವಳು ಕೂತಾಗ ನಾನು ಬಗ್ಗುತ್ತೇನೆ, ನಾನು ಬಗ್ಗಿದಾಗ ಅವಳು ಏಳುತ್ತಾಳೆ. ಓಣಿಯ ಕೊನೆಯವರೆಗೆ ಇದೇ ಕುಣಿತ. ಹಾಲಿನವನು ಬೈಕು ನಿಲ್ಲಿಸಿ ನೋಡಿದ. ನೀವು ಇದನ್ನು ಚಳಿಯಲ್ಲಿ ಒಬ್ಬರೇ ಮಾಡಿ, ಬಾಟಲಿಗೆ ಹಸಿಬಟ್ಟೆ ಸುತ್ತಿ, ಆಮೇಲೆ ತಣ್ಣೀರು ಸುರಿದುಕೊಂಡು ಪೂಜೆಗೆ ಕೂರುತ್ತಿದ್ದಿರಿ. ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಆ ಬಾಟಲಿ ಇಡಲು ಬಿಡುವುದಿಲ್ಲ ಎಂದು ನಿಮ್ಮ ಮೇಲೆ ನಾನು ಸಿಡುಕಿದ್ದೇ ಬಂತು, ಹಿಡಿದು ತಂದವರಾರು ಎಂದು ಯೋಚಿಸಿರಲಿಲ್ಲ.

ಮಂಡಕ್ಕಿಯ ಮೀನೆಣ್ಣೆ ಮಾತ್ರೆಯ ಗಲಾಟೆ ನೆನಪಿದೆಯಲ್ಲ? ‘ಮೀನು ಅಂದ್ರ ಮೀನಾ, ಹೆಸರಿಗಷ್ಟೇನಾ?’ ಎಂದು ಕೇಳಿ, ಡಬ್ಬಿಯನ್ನು ಹೊರಗಿನ ಕಂಪೌಂಡ್ ಗೋಡೆಯ ಮೇಲೆ ಇಡಿಸಿದಿರಿ. ಅದನ್ನು ಕಾಗೆ ಎತ್ತಿಕೊಂಡು ಹೋಯಿತು. ಅಂಥ ನಿಮ್ಮ ಮೇಲೆ ನಾನು ಬೇರೆ ಏನೇ ಅನುಮಾನ ಪಟ್ಟರೂ, ನೇಮ ಮುರಿದೀರೆಂಬ ಅನುಮಾನ ಮಾತ್ರ ಹೇಗೆ ಬಂದೀತು ಹೇಳಿ.

ಸೋಮವಾರದ ರಿಪೋರ್ಟಿನಲ್ಲಿ ಪ್ರೋಟೀನ್ ಹೋದ ಸಲಕ್ಕಿಂತ ದುಪ್ಪಟ್ಟಾಗಿತ್ತು. ಕುಶಿಂಗ್ ಮಾತ್ರೆ ತಪ್ಪಿಲ್ಲ, ಸೋರಿಕೆ ತಗ್ಗಿಸುವ ಬಿ.ಪಿ. ಮಾತ್ರೆಯೂ ತಪ್ಪಿಲ್ಲ, ಮೂತ್ರದಲ್ಲಿ ಸೋಂಕೂ ಇಲ್ಲ. ‘ತಿನ್ನೋದ್ರಾಗ ಏನರ ಬದಲಾಗೈತೇನ್ರಿ?’ ಎಂದು ಡಾಕ್ಟರು ಕೇಳಿದ್ದೇ ತಡ, ನೀವು ಅವಳ ಬಟ್ಟಲಿಗೆ ಬೆಣ್ಣೆದೋಸೆ ಹಾಕುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಚಪ್ಪಲಿ ಬಿಡುವ ಮೊದಲೇ ನಿಮ್ಮ ಮೇಲೆ ಏರಿಹೋದೆ. ಕಾರ್ತಿಕ ಸೋಮವಾರದ ಉಪವಾಸ, ದೀಪ ಹಚ್ಚುವ ಮೊದಲು ನೀವು ನೀರೂ ಮುಟ್ಟಿರಲಿಲ್ಲ. ಕದ್ದು ಏನು ಹಾಕುತ್ತಿದ್ದೀರಿ ಹೇಳಿ ಎಂದು ಮಾವನವರ ಎದುರಿಗೇ ಕೇಳಿದೆ. ನೀವು ಅವರ ಮುಖ ನೋಡಿದಿರಿ, ನನ್ನ ಮುಖ ನೋಡಿದಿರಿ, ತಲೆ ತಗ್ಗಿಸಿ ಬತ್ತಿ ಹೊಸೆಯಲು ಕೂತಿರಿ. ಕಳ್ಳಿ ಸಿಕ್ಕಿಬಿದ್ದಳು ಎಂದುಕೊಂಡೆ. ಆಮೇಲೆ ಆ ಮಾತು ಅಂದೆ. ಆಮೇಲೆ ನೀವು ಬ್ಯಾಗು ತೆಗೆದಿರಿ.

ಮಂಗಳವಾರ ಸಂಜೆ ಮಂಡಕ್ಕಿಯನ್ನು ಹೊರಗೆ ಕರೆದುಕೊಂಡು ಹೋದೆ. ಸೊಂಟದ ಕೂದಲೆಲ್ಲ ಉದುರಿದ, ಹೊಟ್ಟೆ ಜೋತುಬಿದ್ದ ಈ ಮುದುಕಿ ನನ್ನನ್ನು ದರದರ ಎಳೆದುಕೊಂಡು ಹಿಂದಿನ ಓಣಿಗೆ ಹೋಗಿ, ಗುಲ್ಷನ್ ಮನೆಯ ಹಿತ್ತಿಲ ಮೆಟ್ಟಿಲ ಮೇಲೆ ಕೂತಳು. ಜಪ್ಪಯ್ಯ ಅಂದರೂ ಏಳಲಿಲ್ಲ. ಒಳಗಿನಿಂದ ಗುಲ್ಷನ್ ಬಟ್ಟಲು ಹಿಡಿದು ಬಂದಳು. ‘ಅಮ್ಮಾರು ಬರ್ಲಿಲ್ಲೇನ್ರಿ ಅಕ್ಕಾ? ಎರಡು ಮೊಟ್ಟಿ ಬೇಯ್ಸಿಟ್ಟೀನಿ, ಮೂಳಿ ಸೂಪೂ ಐತೆ’ ಅಂದಳು.

ಅತ್ತೆ, ನಾನು ಅಲ್ಲೇ ಕೂತೆ. ಎಲ್ಲಾ ಹೇಳಿದಳು. ನಾನು ಆಫೀಸಿಗೆ, ಮಾವನವರು ನಿದ್ದೆಗೆ ಹೋದ ಮೇಲೆ ನೀವು ಮಂಡಕ್ಕಿಯನ್ನು ಕರೆತರುತ್ತಿದ್ದಿರಂತೆ. ಅವಳು ತಿಂದು ಮುಗಿಸುವ ತನಕ ಸೆರಗು ಮೂಗಿಗೆ ಒತ್ತಿ, ಗೋಡೆಯ ಕಡೆ ತಿರುಗಿ ‘ಶಿವಶಿವಾ’ ಅನ್ನುತ್ತಾ ನಿಲ್ಲುತ್ತಿದ್ದಿರಂತೆ. ‘ಅಷ್ಟು ಪ್ರೋಟೀನ್ ಹರ್ಕೊಂಡು ಹೋದ್ರ ಜೀವ ಉಳಿಯೋದು ಹೆಂಗವ್ವ? ಹೋದಷ್ಟು ನಾವು ತುಂಬಬೇಕಲ್ಲ’ ಅಂದಿದ್ದಿರಂತೆ. ‘ಸೋಮವಾರ ಮಾತ್ರ ಬ್ಯಾಡ, ಅವತ್ತೊಂದಿನ ಅದಕ್ಕೂ ಒಪ್ಪತ್ತು ಇರ್ಲಿ’ ಅಂದಿರಂತೆ. ಅದನ್ನು ಕೇಳಿ ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು, ಗುಲ್ಷನ್ ಪಾಪ ಹೆದರಿ ನೀರು ತಂದುಕೊಟ್ಟಳು. ಮೊಟ್ಟೆಯ ಅಂಗಡಿಯ ಮುಂದೆ ಹಾಯಬೇಕಾಗುತ್ತದೆಂದು ಸುತ್ತು ಹಾಕಿ ಮಾರ್ಕೆಟ್ಟಿಗೆ ಹೋಗುವವರು ನೀವು.

ಮಂಡಕ್ಕಿ ಆ ಮೊಟ್ಟೆಯನ್ನೂ ಮುಟ್ಟಲಿಲ್ಲ. ನನ್ನ ಬೆನ್ನ ಹಿಂದೆ ಇಣುಕಿ ಇಣುಕಿ ನೋಡುತ್ತಿದ್ದಳು, ನೀವು ಎಲ್ಲಿ ಎಂದು.

ನಿನ್ನೆ ವಿದ್ಯಾನಗರದ ಆಸ್ಪತ್ರೆಗೆ ಅವಳನ್ನು ಹೊತ್ತುಕೊಂಡು ಓಡಿದೆ. ಈ ಮಾತ್ರೆ ತೆಗೆದುಕೊಳ್ಳುವ ನಾಯಿ ಊಟ ಬಿಟ್ಟರೆ ತಡಮಾಡಬಾರದೆಂದು ಡಾಕ್ಟರು ಕೂಡಲೇ ರಕ್ತ ಪರೀಕ್ಷೆ ಮಾಡಿದರು. ಮಾತ್ರೆಯ ತೊಂದರೆ ಅಲ್ಲವಂತೆ. ‘ಮನ್ಯಾಗ ಯಾರಿಲ್ಲ?’ ಎಂದು ಕೇಳಿದರು. ನಾನು ಮೊಟ್ಟೆಯ ಕತೆ ಹೇಳಿದೆ. ಅವರು ನಗಲಿಲ್ಲ. ‘ಜರಡಿ ತೂತು ದೊಡ್ಡದಾಗೈತಿ ಅಂದ್ಕೊಳ್ರಿ. ಮೇಲೆ ಹಿಟ್ಟು ಜಾಸ್ತಿ ಸುರಿದ್ರ ಕೆಳಗೂ ಜಾಸ್ತಿನೇ ಬೀಳ್ತೈತಿ. ಸೂಪಿನ ಉಪ್ಪು ಬೇರೆ. ಇದೇ ಕಾರಣ ಅಂತ ಖಡಾಖಂಡಿತ ಹೇಳಲ್ಲ, ನಿಲ್ಸಿ ನೋಡೋಣ. ಮೊದ್ಲು ಅದು ಉಣ್ಣಲಿ’ ಅಂದರು. ಮಾತ್ರೆ ನಿಯಮವಾಗಿ ಹೋಗಿ, ಊಟ ಹದವಾಗಿದ್ದರೆ ಸೋರಿಕೆ ತಗ್ಗಬಹುದಂತೆ. ಇನ್ನೂ ಕೈಮೀರಿಲ್ಲ ಅತ್ತೆ.

ಜರಡಿಯ ಮಾತನ್ನು ನಿಮಗೆ ಯಾರೂ ಹೇಳಿರಲಿಲ್ಲ. ಆವತ್ತು ಬಾಗಿಲಲ್ಲೇ ನಿಂತು ‘ಪ್ರೋಟೀನೆಲ್ಲಾ ಉಚ್ಚಿಯೊಳಗ ಹೋಗ್ತೈತಂತೆ’ ಎಂದು ಒದರಿ ಸ್ಕೂಟಿ ಹತ್ತಿದವಳು ನಾನು. ಡಾಕ್ಟರು ಕೊಟ್ಟ ಪಥ್ಯದ ಚೀಟಿ ಇಂಗ್ಲಿಷಿನಲ್ಲಿತ್ತು, ಅದನ್ನು ಹಾಗೇ ಫ್ರಿಜ್ಜಿಗೆ ಅಂಟಿಸಿದವಳೂ ನಾನು. ನೀವು ಕೇಳಿಸಿಕೊಂಡ ಅರ್ಧ ಮಾತಿಗೆ ನಿಮ್ಮ ಇಡೀ ಜನ್ಮದ ನೇಮ ಬಿಟ್ಟುಕೊಟ್ಟಿರಿ.

ಇಲ್ಲಿಂದ ಅಕ್ಷರ ಸ್ವಲ್ಪ ಕುಣಿಯುತ್ತದೆ, ಕಾರಣ ಕೇಳಬೇಡಿ.

ಆ ಮಾತನ್ನು ಬರೆಯದೆ ಬಿಟ್ಟರೆ ಈ ಕಾಗದ ಪೊಳ್ಳು. ‘ನೀವು ಈ ಮನ್ಯಾಗ ಇರೋತನಕ ಅದು ಹುಷಾರಾಗಲ್ಲ’ ಅಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನಗೆ ಹೇಳಿಕೊಟ್ಟವರೇ ನೀವು. ತಪ್ಪಾಯಿತು ಅತ್ತೆ. ನೀವಿಲ್ಲದ ಮನೆಯಲ್ಲಿ ಅವಳು ಉಣ್ಣುತ್ತಿಲ್ಲ. ನಿಜ ಹೇಳಬೇಕೆಂದರೆ ನನಗೂ ಸೇರುತ್ತಿಲ್ಲ. ಕರೆಯಲು ಬರೆದದ್ದಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು.

ಮೊಟ್ಟೆಯ ವಿಷಯ ಮಾವನವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿಮ್ಮ ಮಗನಿಗೂ ಇಲ್ಲ.

ನಿಮ್ಮ ಸಿಡುಕಿ ಸೊಸೆ,
ರಶ್ಮಿತಾ

ತಾ.ಕ.: ಅಕ್ಷರ ಕುಣಿದದ್ದು ಆಟೋದಿಂದ. ಈ ಕಾಗದ ತಂದುಕೊಡುವ ತೌಸೀಫ್, ಗುಲ್ಷನ್‌ಳ ಗಂಡ, ಕೊಟ್ಟು ಹೊರಟುಹೋಗುವುದಿಲ್ಲ. ಚಿಕ್ಕತ್ತೆಯವರ ಗೇಟಿನ ಹೊರಗೆ ಆಟೋ ನಿಂತಿದೆ, ಹಿಂದಿನ ಸೀಟಿನಲ್ಲಿ ನಾನಿದ್ದೇನೆ. ಎದುರು ನಿಂತು ಹೇಳುವ ಧೈರ್ಯ ಬರಲಿಲ್ಲ. ಡಬ್ಬಿಯಲ್ಲಿ ಉಪ್ಪಿಲ್ಲದ ಅನ್ನ ಇದೆ, ಪರ್ಸಿನಲ್ಲಿ ಮಾತ್ರೆ ಇದೆ. ನನ್ನ ಜೊತೆ ಬರದಿದ್ದರೂ ಹೊರಗೆ ಬಂದು ಅವಳಿಗೆ ಒಂದು ತುತ್ತು ಉಣಿಸಿ ಹೋಗ್ರಿ. ಈಗಷ್ಟೇ ಒಳಗಿನಿಂದ ನಿಮ್ಮ ಕೆಮ್ಮು ಕೇಳಿಸಿತು. ಮಂಡಕ್ಕಿ ತೊಡೆಯ ಮೇಲೆ ಎದ್ದು ನಿಂತಿದ್ದಾಳೆ, ಅವಳನ್ನು ಹಿಡಿದುಕೊಂಡು ಬರೆಯಲು ಆಗುತ್ತಿಲ್ಲ.